ಕನ್ನಡಕ ಹಾಕುವವರೇ, ಹೆಡ್‌ಫೋನ್ ಕೊಳ್ಳುವ ಮುಂಚೆ ಸ್ವಲ್ಪ ನಿಲ್ಲಿ

ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಕೊಳ್ಳೋದಾದರೆ ಅದನ್ನು ಕನ್ನಡಕದ ಮೇಲೇ ಹಾಕಿಕೊಂಡು ಅಂಗಡಿಯಲ್ಲಿ ಅರ್ಧ ಗಂಟೆ ಕೂರಿ. ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ. ತುಮಕೂರಿನ ಎಂ.ಜಿ. ರಸ್ತೆಯ ಒಂದು ಅಂಗಡಿಯಲ್ಲಿ ನನಗೆ ಒಂದು ಹಾಡು ಮುಗಿಯುವಷ್ಟು ಹೊತ್ತೂ ಕೊಡಲಿಲ್ಲ. "ಕನ್ನಡಕ ಇದ್ರೆ ಏನೂ ಆಗಲ್ಲ ಸಾರ್, ಎಲ್ಲರಿಗೂ ಸರಿಹೋಗುತ್ತೆ" ಅಂದರು. 6,500 ರೂಪಾಯಿ ಕೈಬಿಟ್ಟಿತು.

ಮನೆಯಲ್ಲಿ ಅಮ್ಮ ಬೇಗ ಮಲಗುತ್ತಾರೆ. ಅವರ ರೂಮಿಗೂ ಟಿವಿಗೂ ನಡುವೆ ಒಂದೇ ಗೋಡೆ. ಹಾಗಾಗಿ ರಾತ್ರಿ ಸಿನಿಮಾ ನೋಡಲು ಹೆಡ್‌ಫೋನೇ ಗತಿ. ಅರ್ಧ ಸಿನಿಮಾ ಆಗುವಷ್ಟರಲ್ಲಿ ಕಿವಿಯ ಮೇಲೆ ನೋವು ಶುರುವಾಯಿತು. ತೆಗೆದು ನೋಡಿದರೆ ಕನ್ನಡಕದ ಕಡ್ಡಿ ಒತ್ತಿದ ಕಡೆ ಕೆಂಪಗೆ ಗೆರೆ. ಹೆಡ್‌ಫೋನ್‌ನ ಕುಶನ್ ಮೇಲೂ ಅದೇ ಗೆರೆ ಬಿದ್ದಿತ್ತು. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಅಂತ ಅಂಗಡಿಯವರ ಸಮಾಧಾನ. ಸಡಿಲ ಆಯ್ತು, ನೋವು ಹೋಗಲಿಲ್ಲ.

ನೋವು ಬಿಡಿ, ಸೌಂಡ್ ನೋಡಿ. ಈ ಥರದ ಹೆಡ್‌ಫೋನ್‌ನಲ್ಲಿ ಬೇಸ್, ಅಂದರೆ ಡೊಳ್ಳಿನಂಥ ದಪ್ಪ ಸದ್ದು, ಚೆನ್ನಾಗಿ ಬರಬೇಕಾದರೆ ಕುಶನ್ ಕಿವಿ ಸುತ್ತ ಸಂದಿಲ್ಲದೆ ಕೂರಬೇಕು. ಕನ್ನಡಕದ ಕಡ್ಡಿ ಅಲ್ಲೊಂದು ಸಂದು ಮಾಡುತ್ತದೆ. ಬೇಸ್ ಅಲ್ಲೇ ಸೋರಿಹೋಗುತ್ತದೆ. ಪರೀಕ್ಷೆ ಮಾಡೋದು ಸುಲಭ. ಡೊಳ್ಳು ಇರುವ ಒಂದು ಹಾಡು ಹಾಕಿ. ಹೆಡ್‌ಫೋನ್ ಹಾಗೇ ಇರಲಿ, ಕನ್ನಡಕವನ್ನು ಮಾತ್ರ ಮೆಲ್ಲಗೆ ಎಳೆದು ತೆಗೆಯಿರಿ. ನನ್ನದರಲ್ಲಿ ಡೊಳ್ಳು ತಟ್ಟನೆ ದಪ್ಪಗೆ ಕೇಳಿಸಿತು. ಕನ್ನಡಕ ವಾಪಸ್ ಹಾಕಿದೆ, ತಗಡಿನ ಡಬ್ಬ ಬಡಿದ ಹಾಗೆ! ಹೊರಗಿನ ಸದ್ದು ಅಡಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಇದೆ ಅಂತ ಜಾಸ್ತಿ ದುಡ್ಡು ಕೊಟ್ಟಿದ್ದೆ. ಅದೇ ಸಂದಿಯಿಂದ ಫ್ಯಾನ್ ಸದ್ದೂ ಒಳಗೆ ಬರುತ್ತಿತ್ತು.

ದಪ್ಪ ಪ್ಲಾಸ್ಟಿಕ್ ಫ್ರೇಮ್ ಇದ್ದರೆ ಈ ಕಾಟ ಜಾಸ್ತಿ, ತೆಳು ಲೋಹದ ಕಡ್ಡಿಗೆ ಕಡಿಮೆ. ಗಟ್ಟಿ ಕುಶನ್‌ಗಿಂತ ಒತ್ತಿದ ಆಕಾರಕ್ಕೆ ಹೊಂದಿಕೊಳ್ಳುವ ಮೆತ್ತನೆಯ ಮೆಮೊರಿ ಫೋಮ್ ವಾಸಿ. ಕಿವಿಯ ಮೇಲೇ ಕೂರುವ ಚಿಕ್ಕ ಹೆಡ್‌ಫೋನ್ ಅಂತೂ ಬೇಡವೇ ಬೇಡ, ಅದು ಕಿವಿಯನ್ನೇ ಕಡ್ಡಿಗೆ ಒತ್ತುತ್ತದೆ. ಕಿವಿಯೊಳಗೆ ಹಾಕುವ ಇಯರ್‌ಫೋನ್‌ಗೆ ಈ ರಗಳೆಯೇ ಇಲ್ಲ. ನಾನೀಗ ಅದನ್ನೇ ಬಳಸುತ್ತಿದ್ದೇನೆ.

ಇನ್ನೊಂದು ವಿಷಯ. ಅಂಗಡಿಯಲ್ಲಿ ಆ ಹೆಡ್‌ಫೋನನ್ನು ಫೋನ್‌ಗೆ ಬ್ಲೂಟೂತ್‌ನಲ್ಲಿ ಜೋಡಿಸಿ ವಿಡಿಯೋ ತೋರಿಸಿದರು, ತುಟಿಗೂ ಮಾತಿಗೂ ಸರಿಯಾಗಿ ಹೊಂದಿತ್ತು. ಮನೆಯಲ್ಲಿ ಟಿವಿಗೆ ಜೋಡಿಸಿ ಸೆಟ್‌ಟಾಪ್ ಬಾಕ್ಸ್ ಹಾಕಿದರೆ ನಟ ಬಾಯಿ ಮುಚ್ಚಿದ ಮೇಲೆ ಡೈಲಾಗ್ ಬರುತ್ತಿತ್ತು. ಬ್ಲೂಟೂತ್‌ನಲ್ಲಿ ಸೌಂಡ್ ಸ್ವಲ್ಪ ತಡವಾಗಿಯೇ ಬರೋದು. ಫೋನಿನ ಆ್ಯಪ್‌ಗಳು ಎಷ್ಟೋ ಸಲ ಚಿತ್ರವನ್ನೂ ಅಷ್ಟೇ ತಡ ಮಾಡಿ ಸರಿದೂಗಿಸುತ್ತವೆ, ನಮಗೆ ಗೊತ್ತೇ ಆಗಲ್ಲ. ಟಿವಿಯ ಸೆಟ್ಟಿಂಗ್‌ನಲ್ಲಿ ಸಾಮಾನ್ಯವಾಗಿ ಸೌಂಡನ್ನು ಇನ್ನೂ ತಡ ಮಾಡಬಹುದೇ ಹೊರತು ಬೇಗ ತರಲು ಆಗಲ್ಲ. ಹಾಗಾಗಿ ಟಿವಿಗೆ ವಯರ್ ಇರುವುದೇ ಲೇಸು. ಕೊಳ್ಳುವ ಮುಂಚೆ ನಿಮ್ಮ ಟಿವಿ ಹಿಂದೆ ಹೆಡ್‌ಫೋನ್ ವಯರ್ ಚುಚ್ಚುವ 3.5 ಎಂಎಂ ತೂತು ಇದೆಯಾ ನೋಡಿಕೊಳ್ಳಿ, ಕೆಲವು ಹೊಸ ಟಿವಿಗಳಲ್ಲಿ ಇರುವುದಿಲ್ಲ.

ಟಿವಿಯಲ್ಲಿ ಚಿತ್ರ ಚೆನ್ನಾಗಿ ಬರುತ್ತೆ ಅಂತ ಅದೇ ಅಂಗಡಿಯವರು, ಸೆಟ್‌ಟಾಪ್ ಬಾಕ್ಸನ್ನು ಟಿವಿಗೆ ಜೋಡಿಸುವ ಬಂಗಾರದ ಬಣ್ಣದ ದುಬಾರಿ ಎಚ್‌ಡಿಎಂಐ ಕೇಬಲ್ ಬೇರೆ ತಗಲಿಸಲು ನೋಡಿದರು. ಅದನ್ನು ಬೇಡ ಅಂದೆ. ಒಳ್ಳೆಯ ಸಾಧಾರಣ ಕೇಬಲ್ ಸಾಕು. ಟಿವಿ ಸೆಟ್ಟಿಂಗ್‌ನಲ್ಲಿ ಪಿಕ್ಚರ್ ಮೋಡನ್ನು ವಿವಿಡ್‌ನಿಂದ ಸಿನಿಮಾಗೆ ಬದಲಿಸಿ, ಚಲನೆಯನ್ನು ನಯ ಮಾಡಿ ತೋರಿಸುವ ಮೋಷನ್ ಸ್ಮೂತಿಂಗ್ ಆಫ್ ಮಾಡಿ, ಕಾಸಿಲ್ಲದೆ ಆಗುವ ಕೆಲಸ. ಇಂಟರ್ನೆಟ್‌ನಲ್ಲಿ ಸಿನಿಮಾ ನೋಡುವವರಿಗೆ ಅದೂ ಸಾಲದಿದ್ದರೆ ಇಂಟರ್ನೆಟ್ ವೇಗ ನೋಡಿ. 4ಕೆ ನೋಡಲು 15 ಎಂಬಿಪಿಎಸ್ ಬೇಕು ಅನ್ನುತ್ತದೆ ನೆಟ್‌ಫ್ಲಿಕ್ಸ್.

ಹೆಡ್‌ಫೋನ್ ವಾಪಸ್ ಕೊಡಲು ಹೋದರೆ ಬಿಲ್ ತೋರಿಸಿದರು: "ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ". ಮಾಲಿನಲ್ಲೇ ದೋಷ ಇದ್ದರೆ ಈ ಸಾಲು ನಡೆಯಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷವಿರುವ ಮಾಲನ್ನು ಬಿಲ್‌ನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತಗೊಳ್ಳದಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಆದರೆ ನನ್ನ ಹೆಡ್‌ಫೋನ್ ಕೆಟ್ಟಿರಲಿಲ್ಲ, ನನ್ನ ಕನ್ನಡಕಕ್ಕೆ ಹೊಂದಲಿಲ್ಲ ಅಷ್ಟೆ. ಕನ್ನಡಕವಿಲ್ಲದ ತಂಗಿ ಮಗ ಅದನ್ನೇ ಹಾಕಿಕೊಂಡು ಸೂಪರ್ ಅಂತಾನೆ. ಇಂಥದ್ದಕ್ಕೆ ಕಾನೂನು ಹಿಡಿದು ಗೆಲ್ಲೋದು ಕಷ್ಟ. ಅದಕ್ಕೇ ದುಡ್ಡು ಕೊಡುವ ಮುಂಚೆ, ಹೊಂದದಿದ್ದರೆ ಎಷ್ಟು ದಿನದೊಳಗೆ ಬದಲಿಸಿಕೊಡುತ್ತಾರೆ ಅಂತ ಬಿಲ್ ಮೇಲೇ ಬರೆಸಿ, ಸೀಲ್ ಹಾಕಿಸಿಕೊಳ್ಳಿ. ಬರೆಯಲ್ಲ ಅಂದರೆ ಮುಂದಿನ ಅಂಗಡಿ ನೋಡಿ.