ಹಿತ್ತಾಳೆಯ ಹೊಳಪಿಗೆ ಯಾವುದು, ಟೋಪಿಯಡಿಯ ಮುಖಕ್ಕೆ ಯಾವುದು?

ನಮ್ಮ ಕೇರಿಯ ಬ್ಯಾಂಡ್‌ಸೆಟ್ಟನ್ನು ಕಪ್ಪು-ಬಿಳುಪಿನಲ್ಲಿ ದಾಖಲಿಸಲು ಹೊರಟಾಗ ಕೊಡಾಕ್ ಟ್ರೈ-ಎಕ್ಸ್ 400 ಮತ್ತು ಇಲ್ಫರ್ಡ್ ಎಚ್‌ಪಿ5 ಪ್ಲಸ್ ಫಿಲ್ಮುಗಳ ನಡುವೆ ನನ್ನ ಮನಸ್ಸು ತೂಗಾಡುತ್ತಿತ್ತು. ಎರಡರ ವೇಗವೂ, ಅಂದರೆ ಬೆಳಕಿಗೆ ಸ್ಪಂದಿಸುವ ಪ್ರಮಾಣವೂ, ಐಎಸ್‌ಒ 400. ಆದ್ದರಿಂದ ಎರಡು ಹಳೆಯ ಕ್ಯಾಮೆರಾಗಳಿಗೆ ಒಂದೇ ಬಗೆಯ 50 ಮಿ.ಮೀ. ಲೆನ್ಸ್ ಹಾಕಿಕೊಂಡು, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗಾಗಿ ಅವರು ಹಗಲು ನಡೆಸಿದ ಅಭ್ಯಾಸವನ್ನೂ ಜಾತ್ರೆಯ ರಾತ್ರಿ ನುಡಿಸಿದ್ದನ್ನೂ ಎರಡರಲ್ಲಿಯೂ ತೆಗೆದೆ.

ಬ್ಯಾಂಡಿನವರ ಕೋಟು ಕಡುಗೆಂಪು. ಕಪ್ಪು-ಬಿಳುಪಿಗೆ ಇಳಿದಾಗ ಆ ಕೆಂಪೂ ಬಿಸಿಲುಂಡ ಮುಖವೂ ಹೆಚ್ಚುಕಡಿಮೆ ಒಂದೇ ಬೂದುಬಣ್ಣವಾಗುತ್ತವೆ. ಹೀಗಾಗಿ ಚಿತ್ರ ನಿಲ್ಲುವುದು ವಾದ್ಯದ ಹೊಳಪು ಮತ್ತು ಟೋಪಿಯ ನೆರಳಿನ ಮೇಲೆ. ಹುಣಸೆಹುಳಿ ಹಚ್ಚಿ ಉಜ್ಜಿದ್ದ ಯೂಫೋನಿಯಂ ಎಂಬ ದೊಡ್ಡ ಹಿತ್ತಾಳೆ ಊದುವಾದ್ಯದ ಅಂಚು ಟ್ರೈ-ಎಕ್ಸ್‌ನಲ್ಲಿ ಕತ್ತಿಯ ಅಲಗಿನಂತೆ ಮಿಂಚಿತು. ಎಚ್‌ಪಿ5ರಲ್ಲಿ ಮಿಂಚು ಕೊಂಚ ಮಂದವಾದರೂ, ಅದೇ ವಾದ್ಯದ ಹೊಟ್ಟೆಯ ಮೇಲಿನ ಹಳೆಯ ನೆಗ್ಗು, ಬೆರಳು ತಾಗಿ ತಾಗಿ ಸವೆದ ವಾಲ್ವಿನ ತಲೆ, ಟೋಪಿಯಡಿಯಲ್ಲಿ ಉಸಿರು ತುಂಬಿ ಉಬ್ಬಿದ ಕೆನ್ನೆ, ಇವೆಲ್ಲ ಒಂದೇ ಚಿತ್ರದಲ್ಲಿ ಉಳಿದವು.

ರಾತ್ರಿ ಎರಡನ್ನೂ 1600ಕ್ಕೆ ಪುಶ್ ಮಾಡಿದೆ, ಅಂದರೆ 1600 ವೇಗದ ಫಿಲ್ಮೆಂದೇ ಎಣಿಸಿ ತೆಗೆದು ಹೆಚ್ಚು ಹೊತ್ತು ಡೆವಲಪ್ ಮಾಡಿದೆ. ಪುಶ್ ಮಾಡಿದರೆ ಫಿಲ್ಮಿನ ನಿಜವಾದ ವೇಗ ಅಷ್ಟೇನೂ ಹೆಚ್ಚುವುದಿಲ್ಲ. ಕಾಂಟ್ರಾಸ್ಟ್ (ಕಪ್ಪು-ಬಿಳುಪಿನ ಅಂತರ) ಮಾತ್ರ ಏರಿ, ಬೆಳಕು ಬೀಳದ ಜಾಗ ಕಪ್ಪಾಗಿಯೇ ಉಳಿಯುತ್ತದೆ. ಸೀರಿಯಲ್ ದೀಪಗಳ ಕೆಳಗೆ ನಿಂತ ಟ್ರಂಪೆಟ್ಟಿನವರ ವಿಷಯದಲ್ಲಿ ಇದು ಎರಡರಲ್ಲಿಯೂ ಕಾಡಿತು. ಎಚ್‌ಪಿ5ಗೆ ಐಡಿ-11 ಎಂಬ ಡೆವಲಪರಿನ, ಮತ್ತೆ ನೀರು ಬೆರೆಸದ ಮೂಲದ್ರಾವಣದಲ್ಲಿ, 20 ಡಿಗ್ರಿಯಲ್ಲಿ, 400ಕ್ಕೆ 7.5 ನಿಮಿಷವಾದರೆ 1600ಕ್ಕೆ 14 ನಿಮಿಷ ಬೇಕು. ಅಷ್ಟು ಹೊತ್ತು ಡೆವಲಪ್ ಮಾಡಿದ ಮೇಲೂ ಅದರ ನೆಗೆಟಿವ್ ಪ್ರಿಂಟಿಗೆ ಒಗ್ಗುವಂತಿತ್ತು. (ಟ್ರೈ-ಎಕ್ಸ್‌ನ ಒಂದು ರೋಲನ್ನು ಡೆವಲಪ್ ಮಾಡುವಾಗ ದ್ರಾವಣದ ಬಿಸಿ ನೋಡದೆ ನಾನೇ ಕೆಡಿಸಿದೆ, ಅದನ್ನು ಈ ಹೋಲಿಕೆಯಿಂದ ಬಿಟ್ಟಿದ್ದೇನೆ.) ಇಲ್ಫರ್ಡ್‌ನದೇ ಹೆಚ್ಚು ವೇಗದ ಫಿಲ್ಮಾದ ಡೆಲ್ಟಾ 3200ರ ನಿಜವಾದ ವೇಗವೂ ಐಎಸ್‌ಒ 1000 ಮಾತ್ರ, ಆದರೂ ನೆರಳಿಗೆ ಅದೇ ಮೇಲು, ಅದರ ಕಾಳು (ಚಿತ್ರದಲ್ಲಿ ಕಾಣುವ ಕಣ) ದಪ್ಪವಾದ್ದರಿಂದ ಒಂದೇ ರೋಲಿಗೆ ನಿಲ್ಲಿಸಿದೆ.

ದಾಖಲೆಗೆ ನನ್ನ ಆಯ್ಕೆ ಎಚ್‌ಪಿ5. ಯೂಫೋನಿಯಂ ನುಡಿಸುವ ಹಿರಿಯರು ಮಾತ್ರ ಎರಡೂ ಪ್ರಿಂಟುಗಳನ್ನು ಕಿಟಕಿಯ ಬಳಿ ಹಿಡಿದು ನೋಡಿ, “ಇದೇ ಕೊಡು ಮಾರಾಯ, ಇದ್ರಲ್ಲಿ ವಾದ್ಯ ಹೊಳೀತದೆ, ನೆಗ್ಗೂ ಕಾಣೋದಿಲ್ಲ” ಎಂದು ಟ್ರೈ-ಎಕ್ಸ್‌ನದನ್ನೇ ಇಟ್ಟುಕೊಂಡರು.