ಓಸ್ಮ್ಯಾಂಡ್ ಆಪ್: ಮಲೆನಾಡಿನ ಕಚ್ಚಾ ದಾರೀಲಿ ಎರಡು ವರ್ಷ ಬಳಸಿದ ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನಾವು ಲಡಾಖ್‌ಗೆ ಹೋಗಿಬಂದೋರಲ್ಲ. ನನ್ನ ಹತ್ರ ಒಂದು ಹಳೇ ಜಿಪ್ಸಿ, ಭಾವನ ಹತ್ರ ಥಾರು, ತಿಂಗಳಿಗೊಂದು ಭಾನುವಾರ ಹಾಸನದಿಂದ ಬೆಳಗಿನ ಜಾವ ಹೊರಟು ಸಕಲೇಶಪುರ, ಹಾನುಬಾಳು, ಮೂಡಿಗೆರೆ ಸುತ್ತಮುತ್ತ ಟಾರು ಮುಗಿಯೋ ಜಾಗದಿಂದ ಮುಂದೆ ಏನಿದೆ ಅಂತ ನೋಡ್ಕೊಂಡು, ಗಾಡಿಗೆಲ್ಲ ಕೆಸರು ಮೆತ್ತಿಸ್ಕೊಂಡು, ರಾತ್ರಿ ಊಟದ ಹೊತ್ತಿಗೆ ಮನೆಗೆ ಬಂದು ಬೈಸ್ಕೊಳ್ಳೋ ಜನ. ಇಷ್ಟಕ್ಕೆಲ್ಲ ದಾರಿ ತೋರಿಸೋಕೆ ಒಂದು ಮ್ಯಾಪ್ ಆಪ್ ಬೇಕಾ ಅಂತ ಕೇಳ್ಬೋದು. ಬೇಕು ಗುರು. ಅಲ್ಲಿ ನೆಟ್‌ವರ್ಕ್ ಇರಲ್ಲ, ಬೋರ್ಡ್ ಇರಲ್ಲ, ಕೇಳೋಣ ಅಂದ್ರೆ ಎರಡು ಕಿಲೋಮೀಟರ್ ತನಕ ನರಪಿಳ್ಳೆ ಸಿಗಲ್ಲ, ಸಿಕ್ಕಿದ್ರೂ "ಹಿಂಗೇ ಹೋಗಿ, ಅಲ್ಲೊಂದು ಹಲಸಿನ ಮರ ಬರುತ್ತೆ, ಅಲ್ಲಿ ಎಡಕ್ಕೆ" ಅಂತಾರೆ. ಮಲೆನಾಡಲ್ಲಿ ಹಲಸಿನ ಮರ ಇಲ್ದೆ ಇರೋ ತಿರುವು ಯಾವುದಿದೆ ಹೇಳಿ.

ಓಸ್ಮ್ಯಾಂಡ್ ಆಂಡ್ರಾಯ್ಡಲ್ಲಿ 2010ರಿಂದ ಇದೆ, ಐಫೋನಿಗೂ ಬರುತ್ತೆ. ಮ್ಯಾಪು ಅದರ ಸ್ವಂತದ್ದಲ್ಲ, 2004ರಲ್ಲಿ ಇಂಗ್ಲೆಂಡಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ದು, ಅಂದ್ರೆ ಯಾರು ಬೇಕಾದ್ರೂ ತಮ್ಮೂರಿನ ರಸ್ತೆ, ಕೆರೆ, ದೇವಸ್ಥಾನ ಸೇರಿಸ್ಬೋದಾದ ಮ್ಯಾಪು. ಇಡೀ ಇಂಡಿಯಾ ಇಳಿಸ್ಕೊಳ್ಳೋ ಗೋಜಿಲ್ಲ, ಕರ್ನಾಟಕ ಒಂದನ್ನೇ ಇಳಿಸ್ಕೋಬೋದು, ಆಮೇಲೆ ಫೋನನ್ನ ಏರೋಪ್ಲೇನ್ ಮೋಡಲ್ಲಿಟ್ರೂ ಮ್ಯಾಪು ಪೂರ್ತಿ ಕೆಲಸ ಮಾಡುತ್ತೆ. ಜಿಪಿಎಸ್ಸಿಗೆ ನೆಟ್ ಬೇಕು ಅಂತ ಇನ್ನೂ ಎಷ್ಟೋ ಜನ ನಂಬ್ಕೊಂಡಿದ್ದಾರೆ, ಬೇಕಿಲ್ಲ, ಅದು ನೇರ ಸ್ಯಾಟಲೈಟಿಂದ ಬರೋ ಸಿಗ್ನಲ್, ನೆಟ್ ಇಲ್ದಿದ್ರೆ ಮೊದಲ ಸಲ ಜಾಗ ಹಿಡಿಯೋಕೆ ಸ್ವಲ್ಪ ಹೊತ್ತು ತಗೊಳುತ್ತೆ ಅಷ್ಟೇ. ಅದಕ್ಕೇ ನಾನು ಟೀ ಅಂಗಡಿ ಮುಂದೆ ನಿಂತಾಗ್ಲೇ ಆಪ್ ಓಪನ್ ಮಾಡಿ ಇಟ್ಟಿರ್ತೀನಿ, ಎರಡು ಬನ್ಸ್ ಮುಗಿಯೋಷ್ಟರಲ್ಲಿ ನೀಲಿ ಬಾಣ ಸರಿಯಾದ ಜಾಗಕ್ಕೆ ಬಂದು ಕೂತಿರುತ್ತೆ.

ಈಗ ಅಸಲಿ ವಿಷ್ಯ. ಇದನ್ನ ಇಳಿಸ್ಕೊಂಡು, ಹೋಗ್ಬೇಕಾದ ಜಾಗ ಒತ್ತಿ, ಸ್ಟಾರ್ಟ್ ಅಂತ ಒತ್ಬಿಟ್ಟು ಅದು ಹೇಳಿದ ಕಡೆ ಸ್ಟೇರಿಂಗ್ ತಿರುಗಿಸ್ತೀನಿ ಅಂದ್ರೆ ಆಫ್‌ರೋಡಿಗೆ ಈ ಆಪ್ ಮಾತ್ರ ಅಲ್ಲ ಯಾವ ಆಪೂ ಆಗಲ್ಲ. ಓಸ್ಮ್ಯಾಂಡ್‌ನ ಬೆಲೆ ಗೊತ್ತಾಗೋದು ಶನಿವಾರ ರಾತ್ರಿ, ಊಟ ಆದ್ಮೇಲೆ, ಮನೇಲಿ ಕೂತು ದಾರಿ ಗೀಚುವಾಗ. ಅದರಲ್ಲಿ ಪ್ಲಾನ್ ಎ ರೂಟ್ ಅಂತ ಒಂದು ಟೂಲ್ ಇದೆ, ಅದರಲ್ಲಿ ಬಿಂದು ಬಿಂದು ಇಡ್ತಾ ಹೋಗ್ಬೋದು, ಎರಡು ಬಿಂದು ಮಧ್ಯೆ ರಸ್ತೆ ಹಿಡ್ಕೊಂಡು ಹೋಗ್ಬೇಕಾ, ನೆಟ್ಟಗೆ ಗೆರೆ ಎಳೀಬೇಕಾ ಅಂತ ನಾವೇ ಹೇಳ್ಬೋದು, ಮ್ಯಾಪಲ್ಲಿ ದಾರಿ ಇಲ್ಲ ಆದ್ರೆ ಸ್ಯಾಟಲೈಟ್ ಫೋಟೋದಲ್ಲಿ ಕಾಣ್ತಿದೆ ಅಂದ್ರೆ ಫೋಟೋನ ಕೆಳಗೆ ಹಾಸ್ಕೊಂಡು ಅದರ ಮೇಲೆ ಬೆರಳಲ್ಲಿ ಒತ್ಕೊಂಡು ಹೋಗೋದು. ಆಯ್ತಾ, ಅದನ್ನ ಜಿಪಿಎಕ್ಸ್ ಫೈಲ್, ಅಂದ್ರೆ ಯಾವ ಮ್ಯಾಪ್ ಆಪಲ್ಲೂ ತೆಗೀಬೋದಾದ ದಾರಿ ಫೈಲ್ ಮಾಡಿ ಭಾವನಿಗೆ ವಾಟ್ಸಾಪಲ್ಲಿ ತಳ್ಳಿದ್ರೆ ಎರಡೂ ಗಾಡೀಲಿ ಒಂದೇ ಗೆರೆ.

ಮ್ಯಾಪ್ ಮೇಲೆ ಕಾಣೋ ಕಾಂಟೂರ್ ಗೆರೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಇದನ್ನ ಓದೋಕೆ ಬಂದ್ರೆ ಅರ್ಧ ಕೆಲಸ ಮುಗೀತು. ಒಂದೇ ಎತ್ತರದ ಜಾಗಗಳನ್ನ ಸೇರಿಸಿದ ಗೆರೆ ಅದು. ಪಕ್ಕಪಕ್ಕದ ಎರಡು ಗೆರೆ ನಡುವೆ 20 ಮೀಟರ್ ಎತ್ತರ ಅಂತ ಇಟ್ಕೊಳ್ಳಿ, ನೀವು ಹೋಗೋ ದಾರಿ 400 ಮೀಟರ್ ದೂರದಲ್ಲಿ ಐದು ಗೆರೆ ದಾಟ್ತಿದೆ ಅಂದ್ರೆ 100 ಮೀಟರ್ ಹತ್ತಿದ ಹಾಗಾಯ್ತು, ಅಂದ್ರೆ ನಾಲ್ಕಡಿ ಮುಂದಕ್ಕೆ ಒಂದಡಿ ಮೇಲಕ್ಕೆ. ಒಣಗಿದ ಮಣ್ಣಲ್ಲಿ ಫೋರ್ ಲೋ, ಅಂದ್ರೆ ನಾಲ್ಕೂ ಚಕ್ರ ನಿಧಾನಕ್ಕೆ ಜೋರಾಗಿ ಎಳೆಯೋ ಗೇರು ಹಾಕಿದ್ರೆ ಹತ್ತುತ್ತೆ, ಅದೇ ಮಣ್ಣು ಒಂದು ಮಳೆ ಕುಡಿದಿದ್ರೆ ಹತ್ತೋದಿರ್ಲಿ, ಇಳಿಯುವಾಗ ದೇವರೇ ಕಾಪಾಡ್ಬೇಕು. ಗೆರೆಗಳು ಒಂದ್ರ ಮೇಲೊಂದು ಮೆತ್ಕೊಂಡಿರೋ ಕಡೆ ದಾರಿ ಅಂಕುಡೊಂಕಾಗಿ ಹೋಗದೆ ನೆಟ್ಟಗೆ ಹತ್ತಿದೆ ಅಂದ್ರೆ ಅದು ಗಾಡಿ ದಾರಿ ಅಲ್ವೇ ಅಲ್ಲ, ಕಾಲುದಾರೀನ ಯಾರೋ ತಪ್ಪಾಗಿ ಗೀಚಿದ್ದಾರೆ ಅಂತ್ಲೇ ತಿಳ್ಕೊಳ್ಳಿ. ಇನ್ನೊಂದು, ಈ ಎತ್ತರದ ಲೆಕ್ಕ ಬಂದಿರೋದು 2000ದ ಫೆಬ್ರವರೀಲಿ ಎಂಡೆವರ್ ಸ್ಪೇಸ್ ಶಟಲ್ 11 ದಿನ ಭೂಮಿ ಸುತ್ತಿ ರೇಡಾರಲ್ಲಿ ಅಳೆದ ಡೇಟಾದಿಂದ. ದಟ್ಟ ಕಾಡಿದ್ದ ಕಡೆ ಆ ರೇಡಾರ್ ಪೂರ್ತಿ ನೆಲ ಮುಟ್ಟಿಲ್ಲ, ಮರದ ನೆತ್ತಿ ಹತ್ರದಿಂದ್ಲೇ ವಾಪಸ್ ಬಂದಿದೆ, ಹಂಗಾಗಿ ನಮ್ಮ ಘಟ್ಟದಲ್ಲಿ ಗೆರೆಗಳನ್ನ ಸ್ವಲ್ಪ ಸಡಿಲ ಬಿಟ್ಟು ಓದ್ಬೇಕು, ಕಣ್ಣಿಗೆ ಕಾಣೋ ದಿಣ್ಣೆ ಮ್ಯಾಪಲ್ಲಿ ಇಲ್ಲ ಅಂತ ಜಗಳಕ್ಕೆ ನಿಲ್ಬಾರ್ದು.

ಈ ಗೆರೆ ಒಂದ್ಸಲ ನನ್ನ ಮಾನ ಉಳಿಸ್ತು. ಇನ್‌ಸ್ಟಾಗ್ರಾಮಲ್ಲಿ ಯಾರೋ ಒಬ್ರು, ಹೆಸರು ಬೇಡ ಬಿಡಿ, ಸೀಕ್ರೆಟ್ ಆಫ್‌ರೋಡ್ ಟ್ರೇಲ್ ಅಂತ ಫೈಲ್ ಮಾರ್ತಾ ಇದ್ರು, ಮುನ್ನೂರು ರೂಪಾಯಿ. ಆಸೆಬುರುಕ ನಾನು, ತಗೊಂಡೆ. ಓಸ್ಮ್ಯಾಂಡಲ್ಲಿ ತೆಗೆದು ನೋಡ್ತೀನಿ, ಎರಡೆರಡು ಕಿಲೋಮೀಟರಿಗೆ ಒಂದು ಬಿಂದು, ಮಧ್ಯದಲ್ಲಿ ಸ್ಕೇಲಿಟ್ಟು ಎಳೆದ ಹಾಗೆ ನೆಟ್ಟನೆ ಗೆರೆ, ಒಂದು ಕಡೆ ಕಣಿವೆ ಮೇಲೇ ಹಾರ್ಕೊಂಡು ಹೋಗಿದೆ, ಹದಿನಾಲ್ಕು ಕಾಂಟೂರ್ ಇಳಿದು ಹದಿನಾರು ಹತ್ತಿದೆ! ಫೈಲ್ ಜೊತೆ ಹೆಲಿಕಾಪ್ಟರ್ ಕೊಡ್ತೀರಾ ಅಂತ ಮೆಸೇಜ್ ಮಾಡಿದೆ, ಬ್ಲಾಕ್ ಮಾಡಿದ್ರು. ಇರ್ಲಿ. ನಿಜವಾಗ್ಲೂ ಗಾಡಿ ಓಡಿಸಿ ರೆಕಾರ್ಡ್ ಮಾಡಿದ ಟ್ರ್ಯಾಕ್ ಆದ್ರೆ ಬಿಂದುಗಳು ಒತ್ತೊತ್ತಾಗಿರ್ತವೆ, ತಿರುವಲ್ಲಿ ಗೆರೆ ದುಂಡಗಿರುತ್ತೆ, ಯಾರಿಂದ ಫೈಲ್ ಇಸ್ಕೊಂಡ್ರೂ ಮೊದ್ಲು ಇದನ್ನ ನೋಡಿ.

ಹಂಗಂತ ಆಪ್ ಎಲ್ಲ ನೋಡ್ಕೊಳುತ್ತೆ ಅನ್ಕೊಂಡ್ರೆ ಕೆಟ್ರಿ. ಹೋದ ಅಕ್ಟೋಬರಲ್ಲಿ ಹಾನುಬಾಳಿಂದ ಒಳದಾರೀಲಿ ದೇವರಮನೆ ಕಡೆ ಬರೋಣ ಅಂತ ಪ್ಲಾನು. ಮ್ಯಾಪಲ್ಲಿ ಒಂದು ಕಡೆ ಚುಕ್ಕಿ ಗೆರೆ ಇತ್ತು, ಸೇರಿಸ್ಕೊಂಡೆ. ಓಪನ್‌ಸ್ಟ್ರೀಟ್‌ಮ್ಯಾಪಲ್ಲಿ ಕಚ್ಚಾ ದಾರಿಗೆ ಒಂದರಿಂದ ಐದರ ತನಕ ಗ್ರೇಡ್ ಇರುತ್ತೆ, ಒಂದು ಅಂದ್ರೆ ಗಟ್ಟಿ ನೆಲ, ಐದು ಅಂದ್ರೆ ಬರೀ ಮೆತ್ತನೆ ಮಣ್ಣು ಹುಲ್ಲು. ಲ್ಯಾಪ್‌ಟಾಪಲ್ಲಿ ಅವರ ಸೈಟಿಗೆ ಹೋಗಿ ಆ ದಾರಿ ವಿವರ ತೆಗೆದಿದ್ರೆ ಐದು ಅಂತ ನೀಟಾಗಿ ಬರೆದಿತ್ತು, ಹಳ್ಳದಲ್ಲಿಳಿದು ದಾಟ್ಬೇಕು ಅಂತಾನೂ ಇತ್ತು. ನಾನು ನೋಡ್ಲಿಲ್ಲ, ಕ್ರಿಕೆಟ್ ಮ್ಯಾಚ್ ನೋಡ್ತಾ ಪ್ಲಾನ್ ಮಾಡಿದ್ದೆ. ಹೋಗಿ ನೋಡಿದ್ರೆ ಹಳ್ಳ ತೊಡೆಮಟ್ಟ ಹರೀತಿದೆ, ಆಚೆ ದಡ ಬೆಣ್ಣೆ ಥರ, ಭಾವ ಇಳಿದು ಒಂದು ಕೋಲು ಊರಿ ನೋಡಿ "ಏನಯ್ಯಾ, ಇದಾ ನಿನ್ನ ರಸ್ತೆ" ಅಂದ್ರು, ಕಾಲಲ್ಲಿ ನಾಲ್ಕು ಉಂಬಳ ಬೇರೆ. ತಿರುಗಿಸೋಕೂ ಜಾಗ ಇಲ್ಲ, ಮುನ್ನೂರು ಮೀಟರ್ ರಿವರ್ಸಲ್ಲೇ ಬಂದ್ವಿ, ಬೇಲಿಗೆ ಉಜ್ಜಿ ಥಾರಿನ ಕನ್ನಡಿ ಹೋಯ್ತು. ಅವತ್ತಿಂದ ದಾರಿ ಗೀಚುವಾಗ್ಲೇ ಗಾಡಿ ತಿರುಗಿಸ್ಬೋದಾದ ಜಾಗಗಳನ್ನೂ ಗುರುತು ಹಾಕ್ತೀನಿ, ಸ್ಯಾಟಲೈಟ್ ಫೋಟೋದಲ್ಲಿ ಕಣ, ಗದ್ದೆ ಬಯಲು, ದೇವಸ್ಥಾನದ ಅಂಗಳ ಚೆನ್ನಾಗಿ ಕಾಣುತ್ತೆ. ಮರದಡಿ ದಾರಿ ಮಾತ್ರ ಫೋಟೋದಲ್ಲಿ ಏನೇನೂ ಕಾಣಲ್ಲ, ಕಾಫಿ ತೋಟ ಅಂದ್ರೆ ಸಿಲ್ವರ್ ಓಕ್ ನೆರಳು ತಾನೇ, ಅಲ್ಲೆಲ್ಲ ಊಹೆ.

ತೋಟ ಅಂದಾಗ ನೆನಪಾಯ್ತು. ನಮ್ ಕಡೆ ಒಳದಾರಿಗಳಲ್ಲಿ ಅರ್ಧಕ್ಕರ್ಧ ಎಸ್ಟೇಟ್ ದಾರಿ, ಅಂದ್ರೆ ಖಾಸಗಿ. ಮ್ಯಾಪಲ್ಲಿ ಪ್ರೈವೇಟ್ ಅಂತ ಯಾರಾದ್ರೂ ಗುರುತಿಸಿದ್ರೆ ಓಸ್ಮ್ಯಾಂಡ್ ತಾನಾಗೇ ಅದನ್ನ ಬಿಟ್ಟು ದಾರಿ ಹುಡುಕುತ್ತೆ, ಗುರುತೇ ಇಲ್ದಿದ್ರೆ ಅದಕ್ಕೆ ಹೆಂಗೆ ಗೊತ್ತಾಗ್ಬೇಕು ಪಾಪ. ಇದೇ ಟ್ರಿಪ್ಪಲ್ಲಿ ವಾಪಸ್ ಬರುವಾಗ ಒಂದು ಗೇಟ್ ಮುಂದೆ ನಿಂತ್ವಿ, ಒಳಗಿಂದ ಎಸ್ಟೇಟ್ ರೈಟ್ರು, ಅಂದ್ರೆ ತೋಟದ ಲೆಕ್ಕ ನೋಡ್ಕೊಳ್ಳೋರು ಬಂದು "ಈ ಕಡೆ ಎಲ್ಲಿ ಬಂದ್ರಿ ಸಾರ್, ಮುಂದೆ ಕೂಲಿಯೋರ ಲೈನ್ ಮನೆ ಅಷ್ಟೇ ಇರೋದು" ಅಂದ್ರು, ಒಳ್ಳೇ ಮನುಷ್ಯ, ಕಾಫಿ ಕುಡೀರಿ ಅಂತಾನೂ ಕರೆದ್ರು, ಆದ್ರೆ ಗೇಟ್ ತೆಗೀಲಿಲ್ಲ, ತೆಗೀಬೇಕಾಗೂ ಇರ್ಲಿಲ್ಲ. ಅಲ್ಲೇ ನಿಂತು ಗೇಟಿನ ಜಾಗ ಸೇವ್ ಮಾಡಿ, ಮನೆಗೆ ಬಂದ್ಮೇಲೆ ಓಪನ್‌ಸ್ಟ್ರೀಟ್‌ಮ್ಯಾಪಿಗೆ ಗೇಟು ಸೇರಿಸಿ ದಾರೀನ ಪ್ರೈವೇಟ್ ಅಂತ ಹಾಕಿದೆ. ತಿಂಗಳ ಅಪ್‌ಡೇಟ್ ಬಂದಾಗ ನನ್ನ ಗೇಟು ಫೋನಲ್ಲಿ ಕಾಣ್ತು ನೋಡಿ, ಮನೆಯವಳಿಗೂ ತೋರಿಸ್ದೆ, ಅವಳಿಗೇನೂ ಅಂಥ ಖುಷಿ ಆದಂಗೆ ಕಾಣ್ಲಿಲ್ಲ.

ಕಾಡಿನ ವಿಷ್ಯ ಬೇರೆ. ಗೆರೆ ಇದೆ ಅಂದ ಮಾತ್ರಕ್ಕೆ ಹೋಗ್ಬೋದು ಅಂತಲ್ಲ. ರಿಸರ್ವ್ ಫಾರೆಸ್ಟಿಗೆ 1963ರ ಕರ್ನಾಟಕ ಅರಣ್ಯ ಕಾಯ್ದೆ, ಪುಷ್ಪಗಿರಿ ಥರ ಅಭಯಾರಣ್ಯಕ್ಕೆ 1972ರ ವನ್ಯಜೀವಿ ಕಾಯ್ದೆ, ಅನುಮತಿ ಇಲ್ದೆ ಗಾಡಿ ನುಗ್ಗಿಸಿದ್ರೆ ಕೇಸು. ಪ್ಲಾನ್ ಮಾಡುವಾಗ ಮ್ಯಾಪಲ್ಲಿ ಹಸಿರು ಗಡಿ ಎಲ್ಲಿದೆ ನೋಡಿ, ಅನುಮಾನ ಇದ್ರೆ ರೇಂಜ್ ಆಫೀಸಲ್ಲಿ ಕೇಳಿ. ಮತ್ತೆ ಸಕಲೇಶಪುರ ಆಲೂರು ಕಡೆ ಆನೆ ಯಾವ ಮ್ಯಾಪಲ್ಲೂ ಬರಲ್ಲ, ಅದನ್ನ ಬೆಳಿಗ್ಗೆ ಟೀ ಅಂಗಡೀಲೇ ವಿಚಾರಿಸ್ಬೇಕು.

ಟೈಮ್ ಲೆಕ್ಕನೂ ಆಪಿಗೆ ಬಿಡ್ಬೇಡಿ. ಕಚ್ಚಾ ದಾರೀಲಿ ನಾನು ಗಂಟೆಗೆ 10 ಕಿಲೋಮೀಟರ್ ಅಂತ ಹಾಕ್ತೀನಿ, ಮಳೆ ಬಿದ್ದಿದ್ರೆ 6, ಜೊತೆಗೆ ಸಿಕ್ಕಾಕೊಂಡು ಎಳೆಯೋಕೆ ಅಂತ ಒಂದು ಗಂಟೆ ಸೇರಿಸಿ ಇಟ್ಕೊಳ್ಳೋದು. ಡಿಸೆಂಬರಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗ್ತಾನೆ, ಘಟ್ಟದ ಒಳಗೆ ಇನ್ನೂ ಮುಂಚೆನೇ ಕತ್ತಲು, ಅದಕ್ಕೆ ಸಂಜೆ ನಾಲ್ಕಕ್ಕೆ ಎಲ್ಲೇ ಇದ್ರೂ ಟಾರು ರಸ್ತೆ ಕಡೆ ಮುಖ.

ಇನ್ನು ಬೈಯೋದು. ಮೆನು! ಒಂದು ಸೆಟ್ಟಿಂಗ್ ಹುಡುಕೋಕೆ ನಾಲ್ಕು ಪದರ ಇಳೀಬೇಕು, ಒಂದೇ ವಿಷ್ಯ ಮೂರು ಕಡೆ ಇರುತ್ತೆ, ಕಾರಿನ ಪ್ರೊಫೈಲಲ್ಲಿ ಬದಲಾಯಿಸಿದ್ದು ಸೈಕಲ್ ಪ್ರೊಫೈಲಲ್ಲಿ ಬದಲಾಗಿರಲ್ಲ, ಮೊದಲ ವಾರ ತಲೆ ಕೆಟ್ಟು ಮೊಸರು ಗಡಿಗೆ ಆಗೋದು ಗ್ಯಾರಂಟಿ. ದೂರದ ರೂಟು ಹಳೇ ಫೋನಲ್ಲಿ ಲೆಕ್ಕ ಹಾಕೋದು ನಿಧಾನ, ಎಲ್ಲ ಫೋನಲ್ಲೇ ಆಗ್ಬೇಕಲ್ಲ. ಹೆಸರು ಹಾಕಿ ಹುಡುಕೋದೂ ಅಷ್ಟಕ್ಕಷ್ಟೇ, ನಮ್ಮೂರುಗಳ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಒಬ್ಬೊಬ್ರು ಒಂದೊಂದು ಥರ ಬರೀತಾರೆ, ಹಾನುಬಾಳಿಗೇ ಮೂರು ಥರ ನೋಡಿದ್ದೀನಿ. ದುಡ್ಡಿನ ವಿಷ್ಯ ಅಂದ್ರೆ ಪ್ಲೇ ಸ್ಟೋರಿನ ಉಚಿತ ಆಪಲ್ಲಿ ಮ್ಯಾಪ್ ಡೌನ್‌ಲೋಡಿಗೆ ಲಿಮಿಟ್ ಇದೆ, ಕಾಂಟೂರ್ ಬೇಕಂದ್ರೆ ದುಡ್ಡು ಕೊಡ್ಬೇಕು. ಎಫ್‌ಡ್ರಾಯ್ಡ್ ಅನ್ನೋ ಇನ್ನೊಂದು ಆಪ್ ಸ್ಟೋರಿಂದ ಇಳಿಸ್ಕೊಂಡ್ರೆ ಆ ಡೌನ್‌ಲೋಡ್ ಲಿಮಿಟ್ ಇಲ್ಲ, ಸ್ವಲ್ಪ ಫೋನ್ ಗೊತ್ತಿರೋರಿಗೆ ಅದೇ ವಾಸಿ.

ಒಂದು ಸೆಟ್ಟಿಂಗ್ ಮಾತ್ರ ಮರೀಬೇಡಿ. ನೀವು ಗೀಚಿದ ಟ್ರ್ಯಾಕ್ ಹಿಡ್ಕೊಂಡು ಹೋಗುವಾಗ ಸ್ವಲ್ಪ ಆಚೀಚೆ ಆದ್ರೆ ಆಪು ಹೊಸ ದಾರಿ ಲೆಕ್ಕ ಹಾಕೋಕೆ ಶುರು ಮಾಡುತ್ತೆ, ಅದನ್ನ ಆಫ್ ಮಾಡಿ. ದಾರಿ ತಪ್ಪಿದ್ರೆ ತಪ್ಪಿದೆ ಅಂತ ಹೇಳಿದ್ರೆ ಸಾಕು, ಮುಂದೇನು ಅನ್ನೋದು ಕೆಳಗಿಳಿದು ನೆಲ ನೋಡೋನಿಗೆ ಬಿಟ್ಟಿದ್ದು. ಟ್ರಿಪ್ ರೆಕಾರ್ಡಿಂಗ್ ಮೊದಲಿಂದ್ಲೇ ಆನ್ ಇರ್ಲಿ, ಏನೇ ಆದ್ರೂ ಬಂದ ದಾರೀನ ಉಲ್ಟಾ ಮಾಡಿ ಅದರ ಮೇಲೇ ವಾಪಸ್ ಬರ್ಬೋದು. ಡ್ಯಾಶ್‌ಬೋರ್ಡ್ ಬಿಸಿಲಿಗೆ ಫೋನ್ ಕಾದು ಆಫಾಗೋ ಚಾನ್ಸ್ ಇದೆ, ಏಸಿ ಗಾಳಿ ಬರೋ ಕಡೆ ಸಿಕ್ಸಿ, ಜಿಪ್ಸಿಯೋರು ಬಟ್ಟೆ ಮುಚ್ಚಿ. ಇನ್ನೊಂದು ಫೋನಲ್ಲೂ ಅದೇ ಮ್ಯಾಪು ಅದೇ ಫೈಲು ಇರ್ಲಿ.

ಕಾಗದ ಇಷ್ಟಪಡೋರಿಗೆ, ಸರ್ವೇ ಆಫ್ ಇಂಡಿಯಾದೋರು 2017ರಿಂದ 1:50,000 ಸ್ಕೇಲಿನ ಶೀಟ್‌ಗಳನ್ನ ಪಿಡಿಎಫ್ ಆಗಿ ಫ್ರೀಯಾಗಿ ಕೊಟ್ಟಿದ್ದಾರೆ, ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರು, 20 ಮೀಟರಿಗೊಂದು ಕಾಂಟೂರು. ಸಕಲೇಶಪುರದ್ದು ಹಳೇ ನಂಬರಲ್ಲಿ 48ಪಿ/13. ರಸ್ತೆ ಹಳೇದಿರುತ್ತೆ, ಆದ್ರೆ ಹಳ್ಳ, ಗುಡ್ಡ, ಊರಿನ ಹೆಸರು ಅದರಲ್ಲಿರೋಷ್ಟು ಚೆನ್ನಾಗಿ ಬೇರೆ ಕಡೆ ಸಿಗಲ್ಲ, ನಾನು ಪ್ಲಾನ್ ಮಾಡುವಾಗ ಇದನ್ನ ಲ್ಯಾಪ್‌ಟಾಪಲ್ಲಿ ಪಕ್ಕದಲ್ಲೇ ತೆಗೆದಿಟ್ಕೊಂಡಿರ್ತೀನಿ.

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಒಂದು ಕಟ್ ಮಾಡಿದ್ದು ಮೆನುಗೆ. ಥಾರಿನ ಕನ್ನಡಿಗೂ ಅರ್ಧ ಕಟ್ ಮಾಡು ಅಂತ ಭಾವ ಹೇಳ್ತಿದ್ದಾರೆ, ಅದು ನನ್ನ ಅಕೌಂಟಿಗೆ.