‘ಎಲ್ಲ ಎಂಜಿನ್‌ಗೂ ಆಗುತ್ತೆ’ ಅಂದ ಪುಲ್ಲರ್ ಸೆಟ್ ನಂಬಿ ಹೆಡ್ ಇಳಿಸಿದ ಕಥೆ

ಲಾರಿ ಎಂಜಿನ್ನಿನ ಮೂರನೇ ಸಿಲಿಂಡರ್‌ನ ಇಂಜೆಕ್ಟರ್ (ಸಿಲಿಂಡರ್ ಒಳಗೆ ಡೀಸೆಲ್ ಸಿಂಪಡಿಸುವ ಭಾಗ) ಬದಲಿಸಬೇಕಿತ್ತು. ಅಷ್ಟೇ ಕೆಲಸ. ಅರ್ಧ ದಿನದಲ್ಲಿ ಮುಗಿಯಬೇಕಿದ್ದದ್ದು ಹನ್ನೊಂದು ದಿನ ಹಿಡಿಯಿತು. ಅಷ್ಟೂ ದಿನ ಲಾರಿ ಕ್ಯಾಬಿನ್ ಮುಂದಕ್ಕೆ ಬಾಗಿಸಿಕೊಂಡು ನಿಂತಲ್ಲೇ ನಿಂತಿತ್ತು. ತಪ್ಪು ಲಾರಿಯದಲ್ಲ. ನನ್ನದು, ಮತ್ತೆ ನಾನು ಆರಿಸಿದ ಟೂಲಿನದು. ಡೀಸೆಲ್ ಎಂಜಿನ್‌ಗೆ ವಿಶೇಷ ಟೂಲ್ ಕೊಳ್ಳಲು ಹೊರಟಿದ್ದರೆ ಇದನ್ನು ಓದಿ, ಆಮೇಲೆ ದುಡ್ಡು ಬಿಚ್ಚಿ.

ಐಡಲ್‌ನಲ್ಲಿ ನಡುಗುತ್ತಿತ್ತು, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ. ಸ್ಕ್ಯಾನರ್ ಹಾಕಿ ಒಂದೊಂದೇ ಸಿಲಿಂಡರ್ ಕಟ್ ಮಾಡುತ್ತಾ, ಅಂದರೆ ಅದಕ್ಕೆ ಡೀಸೆಲ್ ನಿಲ್ಲಿಸುತ್ತಾ ಬಂದೆ. ಮೂರನೇದನ್ನು ಕಟ್ ಮಾಡಿದಾಗ ಮಾತ್ರ ಎಂಜಿನ್ ಸದ್ದು ಬದಲಾಗಲೇ ಇಲ್ಲ. ಅಂದರೆ ಅದು ಮೊದಲೇ ಸತ್ತಿದೆ. ಹಳೆಯ ಪಂಪ್ ಎಂಜಿನ್‌ಗಳಲ್ಲಿ ಇದನ್ನು ತಿಳಿಯಲು ಓಡುತ್ತಿರುವಾಗಲೇ ಪೈಪ್ ನಟ್ ಸಡಿಲಿಸಿ ನೋಡುತ್ತಿದ್ದೆವು. ಕಾಮನ್ ರೈಲ್‌ನಲ್ಲಿ (ಒಂದೇ ದಪ್ಪ ಪೈಪಿನಿಂದ ಎಲ್ಲ ಇಂಜೆಕ್ಟರ್‌ಗೂ ಡೀಸೆಲ್ ಹೋಗುವ ಈಗಿನ ಎಂಜಿನ್) ಅಪ್ಪಿತಪ್ಪಿಯೂ ಹಾಗೆ ಮಾಡಬೇಡಿ. ಒಳಗೆ 2000 ಬಾರ್‌ವರೆಗೂ ಒತ್ತಡ ಇರಬಹುದು. ಸಂದಿಯಿಂದ ಹಾರುವ ಡೀಸೆಲ್ ಗ್ಲೌಸ್ ತೂರಿ, ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಚುಕ್ಕೆಯಷ್ಟೇ ಗಾಯ ಕಾಣುತ್ತದೆ, ಆದರೆ ಬೆರಳೇ ಹೋಗಬಹುದು.

ಇಂಜೆಕ್ಟರ್ ಕೈಯಲ್ಲಿ ಎಳೆದರೆ ಬರುವ ವಸ್ತು ಅಲ್ಲ. ಅದಕ್ಕೆ ಪುಲ್ಲರ್ ಬೇಕು. ನಾನು ಕೊಂಡದ್ದು ‘ಯೂನಿವರ್ಸಲ್’ ಸೆಟ್. ಕೆಂಪು ಪೆಟ್ಟಿಗೆ, ಒಳಗೆ ಸ್ಪಂಜಿನಲ್ಲಿ ಸಾಲಾಗಿ ಕೂರಿಸಿದ ಹದಿನಾಲ್ಕು ಅಡಾಪ್ಟರ್, ಒಂದು ಉದ್ದನೆಯ ಸ್ಲೈಡ್ ಹ್ಯಾಮರ್ (ಕಂಬಿಯ ಮೇಲೆ ಜಾರುವ ಭಾರದಿಂದ ಹೊರಕ್ಕೆ ಹೊಡೆದು ಎಳೆಯುವ ಟೂಲ್). ನೋಡಿದರೆ ಖುಷಿಯಾಗುತ್ತಿತ್ತು. ಒಂದೇ ಎಂಜಿನ್‌ಗೆ ಆಗುವ ಪುಲ್ಲರ್‌ಗೆ ಕೊಡುವ ದುಡ್ಡಿನ ಅರ್ಧಕ್ಕೆ ಹದಿನಾಲ್ಕು ಅಡಾಪ್ಟರ್! ಯಾರಿಗೆ ಬೇಡ? ನನ್ನ ಎಂಜಿನ್‌ಗೆ ಆಗುತ್ತಾ ಅಂತ ಕೇಳಿದೆ. ‘ಎಲ್ಲ ಎಂಜಿನ್‌ಗೂ ಆಗುತ್ತೆ ಸರ್’ ಅಂದರು. ಎಂಜಿನ್ ಯಾವುದು ಅಂತ ಅವರು ಕೇಳಲಿಲ್ಲ. ಅಲ್ಲೇ ಎದ್ದು ಬರಬೇಕಿತ್ತು ನಾನು.

ಕೆಲಸ ಶುರು ಮಾಡಿದ್ದು ಸರಿಯಾಗೇ. ವಾಲ್ವ್ ಕವರ್ ತೆಗೆದೆ. ಪಕ್ಕದಿಂದ ಬಂದು ಇಂಜೆಕ್ಟರ್‌ಗೆ ಚುಚ್ಚಿಕೊಂಡಿರುವ ಕನೆಕ್ಟರ್ ಟ್ಯೂಬನ್ನು ಹಿಂದಕ್ಕೆ ಎಳೆದೆ. (ಇದನ್ನು ಬಿಡಿಸದೆ ಇಂಜೆಕ್ಟರ್ ಎಳೆದವರನ್ನು ನೋಡಿದ್ದೇನೆ. ಎರಡೂ ಹಾಳು.) ಕ್ಲ್ಯಾಂಪ್ ಬಿಚ್ಚಿದೆ, ಮೇಲಿನ ಸೊಲೆನಾಯ್ಡ್ ಬಿಚ್ಚಿದೆ. ಈಗ ಕಾಣುವ ಥ್ರೆಡ್‌ಗೆ ಅಡಾಪ್ಟರ್ ಹಾಕಬೇಕು. ಸೆಟ್ಟಿನಲ್ಲಿ ಒಂದು ಅಡಾಪ್ಟರ್ ಅಳತೆಗೆ ಹೊಂದಿತು. ಬೆರಳಲ್ಲೇ ತಿರುಗಿಸಿದೆ. ಒಂದು ಸುತ್ತು ಸಲೀಸಾಗಿ ಹೋಯಿತು. ಎರಡನೇ ಸುತ್ತಿಗೆ ಹಿಡಿಯಿತು.

ಕಾರ್ಬನ್ ಕೂತಿರಬೇಕು ಅಂದುಕೊಂಡೆ. ಎಣ್ಣೆ ಬಿಟ್ಟೆ. ಸ್ಪ್ಯಾನರ್ ಹಾಕಿ ಇನ್ನೊಂದು ಸುತ್ತು ಒತ್ತಾಯದಿಂದ ತಿರುಗಿಸಿದೆ. ಆ ಒಂದು ಸುತ್ತಿನಲ್ಲಿ ನನ್ನ ಹನ್ನೊಂದು ದಿನ ಹೋದವು. ವ್ಯಾಸ ಒಂದೇ ಇತ್ತು ನಿಜ, ಪಿಚ್ (ಥ್ರೆಡ್‌ನ ಒಂದು ಏಣಿನಿಂದ ಮುಂದಿನದಕ್ಕಿರುವ ಅಂತರ) ಬೇರೆ. ಇಂಜೆಕ್ಟರ್ ಥ್ರೆಡ್‌ನ ಪಿಚ್ 1 ಮಿ.ಮೀ., ಅಡಾಪ್ಟರ್‌ದು 1.5. ಥ್ರೆಡ್ ಪಿಚ್ ಗೇಜ್ ಅಂತ ಒಂದು ಸಣ್ಣ ಸಾಮಾನು ಬರುತ್ತದೆ. ಗರಗಸದ ಹಲ್ಲಿನಂಥ ಎಲೆಗಳನ್ನು ಬೀಸಣಿಗೆ ಥರ ಬಿಡಿಸಬಹುದು. ಒಂದು ಎಲೆಯನ್ನು ಥ್ರೆಡ್ ಮೇಲೆ ಇಟ್ಟು ಬೆಳಕಿಗೆ ಹಿಡಿದರೆ ಕೂತಿತೋ ಇಲ್ಲವೋ ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ನನ್ನ ಹಳೆಯ ಟೂಲ್ ಪೆಟ್ಟಿಗೆಯಲ್ಲೂ ಅದು ಇತ್ತು. ತೆಗೆಯಲೇ ಇಲ್ಲ.

ಸ್ಲೈಡ್ ಹ್ಯಾಮರ್ ಸಿಕ್ಕಿಸಿ ಹೊಡೆದೆ. ಐದನೇ ಏಟಿಗೋ ಆರನೇ ಏಟಿಗೋ ಅಡಾಪ್ಟರ್ ಕಿತ್ತುಕೊಂಡು ಬಂತು. ಜೊತೆಗೆ ಇಂಜೆಕ್ಟರ್ ಥ್ರೆಡ್ ಕೂಡ, ಪೆನ್ನಿನ ಸ್ಪ್ರಿಂಗ್ ಥರ ಸುರುಳಿಯಾಗಿ. ಇಂಜೆಕ್ಟರ್ ಮಾತ್ರ ಒಂದು ಕೂದಲೆಳೆ ಅಲುಗಿರಲಿಲ್ಲ. ಈಗ ಸರಿಯಾದ ಪುಲ್ಲರ್ ತಂದರೂ ಹಿಡಿದುಕೊಳ್ಳಲು ಅಲ್ಲಿ ಥ್ರೆಡ್ಡೇ ಇಲ್ಲ.

ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ನಿಲ್ಲಿಸಲಿಲ್ಲ. ದೊಡ್ಡ ಸ್ಪ್ಯಾನರ್ ಹಾಕಿ ಇಂಜೆಕ್ಟರನ್ನು ಆ ಕಡೆ ಈ ಕಡೆ ತಿರುಗಿಸಿ ಸಡಿಲ ಮಾಡೋಣ ಅಂತ ಹೊರಟೆ. ಎಡಕ್ಕೆ ತಿರುಗಿಸಿದಾಗ ಸರಕ್ಕನೆ ತಿರುಗಿತು. ಆಹಾ, ಬಿಟ್ಟಿತು ಅಂದುಕೊಂಡೆ. ಮೇಲೆತ್ತಿದರೆ ಬಂದದ್ದು ಅರ್ಧ ಇಂಜೆಕ್ಟರ್! ಕೆಳಗಿನ ನಾಝಲನ್ನು ಮೈಗೆ ಬಿಗಿದು ಹಿಡಿಯುವ ನಟ್ ಒಂದಿರುತ್ತದೆ. ಕಾರ್ಬನ್ ಹಿಡಿದಿದ್ದು ಆ ನಟ್ಟನ್ನು. ನಾನು ಇಂಜೆಕ್ಟರ್ ತಿರುಗಿಸುತ್ತಿದ್ದೇನೆ ಅಂದುಕೊಂಡು ಆ ನಟ್ಟಿನಿಂದ ಮೈಯನ್ನು ಬಿಚ್ಚುತ್ತಿದ್ದೆ. ನಾಝಲ್, ಸೂಜಿ, ಎಲ್ಲ ಹೆಡ್ಡಿನೊಳಗೇ (ಸಿಲಿಂಡರ್‌ಗಳ ಮೇಲೆ ಕೂರುವ ಮುಚ್ಚಳ) ಉಳಿದವು. ಆರು ಸಿಲಿಂಡರ್‌ಗೂ ಒಂದೇ ಹೆಡ್. ಚೈನ್ ಬ್ಲಾಕ್ ಹಾಕಿ ಇಳಿಸಬೇಕಾಯಿತು.

ಇಲ್ಲಿಯವರೆಗಿನದು ಅಗ್ಗದ ಟೂಲಿನ ಕಥೆ, ಎಲ್ಲರೂ ಒಮ್ಮೆ ಅನುಭವಿಸಿರುತ್ತಾರೆ. ನನ್ನನ್ನು ಜಾಸ್ತಿ ಕಾಡಿದ್ದು ಹೆಡ್ ಇಳಿಸಿದ ಮೇಲೆ ಕಂಡದ್ದು. ಹೆಡ್ ಇಳಿಸುವಾಗ ಉಳಿದ ಐದು ಇಂಜೆಕ್ಟರ್ ತೆಗೆಯಲು ಆ ಎಂಜಿನ್ನಿನದೇ ಪುಲ್ಲರ್ ಒಂದನ್ನು ಎರವಲು ತಂದಿದ್ದೆ. ಐದೂ ಅರ್ಧ ಗಂಟೆಯಲ್ಲಿ ಬಂದವು. ಅವುಗಳ ಮೈ ಸ್ವಚ್ಛವಾಗಿತ್ತು. ಮೂರನೇದರ ಗೂಡಿನಲ್ಲಿ ಮಾತ್ರ ಡಾಂಬರಿನಂಥ ಕಪ್ಪು. ಯಾಕೆ ಅದೊಂದಕ್ಕೇ? ಎರಡು ವರ್ಷದ ಹಿಂದೆ ಅದೊಂದನ್ನೇ ಬಿಚ್ಚಿ ಮತ್ತೆ ಕೂರಿಸಿದ್ದೆ. ನಾನೇ.

ಆಗ ನನ್ನ ಹತ್ತಿರ ಇದ್ದದ್ದು ಒಂದೇ ಟಾರ್ಕ್ ರೆಂಚ್ (ಬೋಲ್ಟನ್ನು ಇಂತಿಷ್ಟೇ ಬಲಕ್ಕೆ ಬಿಗಿಯುವ ಟೂಲ್), ದೊಡ್ಡದು. ಸ್ಕೇಲ್ ಶುರುವಾಗುವುದೇ 40 ನ್ಯೂಟನ್ ಮೀಟರ್‌ನಿಂದ. ಕ್ಲ್ಯಾಂಪ್ ಬೋಲ್ಟಿಗೆ ಬೇಕಿದ್ದದ್ದು ಅದಕ್ಕಿಂತ ಕಡಿಮೆ. 40ಕ್ಕಿಂತ ಸ್ವಲ್ಪ ಕೆಳಗೆ ಅಂತ ಕೈಯಂದಾಜಿನಲ್ಲಿ ಬಿಗಿದು ಮುಗಿಸಿದ್ದೆ. ಬಿಗಿ ಸಾಲಲಿಲ್ಲ. ನಾಝಲ್ ಬುಡದ ತಾಮ್ರದ ವಾಷರ್ ಪಕ್ಕದಿಂದ ಸುಡುವ ಗ್ಯಾಸ್ ಮೆಲ್ಲಗೆ ಮೇಲೇರುತ್ತಾ ಬಂದು ಗೂಡಿನಲ್ಲಿ ಕಾರ್ಬನ್ ಆಗಿ ಕೂತಿತು. ಇಂಜೆಕ್ಟರನ್ನು ಸಿಮೆಂಟ್ ಹಾಕಿದಂತೆ ಹಿಡಿದದ್ದು ಅದೇ. ‘ಚುಸ್ ಚುಸ್’ ಅಂತ ಸಣ್ಣ ಸದ್ದು ಒಂದಷ್ಟು ದಿನ ಕೇಳಿತ್ತು. ಬೆಲ್ಟ್ ಇರಬೇಕು ಅಂತ ಸುಮ್ನೆ ಬಿಟ್ಟಿದ್ದೆ.

ಅದಕ್ಕೇ ಟಾರ್ಕ್ ರೆಂಚ್ ವಿಷಯ ಸ್ವಲ್ಪ ಹೇಳುತ್ತೇನೆ. ಇಟ್ಟಷ್ಟು ಬಿಗಿ ತಲುಪಿದಾಗ ಕ್ಲಿಕ್ ಆಗುವ ರೆಂಚ್ ತನ್ನ ಸ್ಕೇಲಿನ ಕೆಳಗಿನ ಐದನೇ ಒಂದು ಪಾಲಿನಲ್ಲಿ ನಂಬಿಕೆಗೆ ಅರ್ಹ ಅಲ್ಲ. ಒಳ್ಳೆಯದಕ್ಕೂ ನೂರಕ್ಕೆ 4ರಷ್ಟು ಹೆಚ್ಚುಕಮ್ಮಿ ಇರುತ್ತದೆ. ಲಾರಿ ಎಂಜಿನ್‌ಗೆ ಒಂದು ರೆಂಚ್ ಸಾಲುವುದಿಲ್ಲ. ಸಣ್ಣ ಬೋಲ್ಟಿಗೊಂದು, ಹೆಡ್ ಬೋಲ್ಟಿಗೊಂದು, ದೊಡ್ಡ ಕೆಲಸಕ್ಕೆ ಇನ್ನೊಂದು ಬೇಕು. ಟಾರ್ಕ್ ರೆಂಚಿನಲ್ಲಿ ಬೋಲ್ಟ್ ಬಿಚ್ಚಬೇಡಿ, ಅದು ಬಿಗಿಯಲು ಮಾತ್ರ. ಕೆಲಸ ಆದ ಮೇಲೆ ಸ್ಕೇಲಿನ ಕೊನೆಯ ಕೆಳ ಅಂಕಿಗೆ ತಿರುಗಿಸಿ ಇಡಿ. ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಒತ್ತಿಕೊಂಡೇ ಇದ್ದು ಸೋಲುತ್ತದೆ. ವರ್ಷಕ್ಕೊಮ್ಮೆ, ಅಥವಾ 5000 ಕ್ಲಿಕ್ಕಿಗೊಮ್ಮೆ ಚೆಕ್ ಮಾಡಿಸಬೇಕು. ನಾನು ಇದರಲ್ಲಿ ಒಂದನ್ನೂ ಪಾಲಿಸಿರಲಿಲ್ಲ.

ಹೆಡ್ ವಾಪಸ್ ಕೂರಿಸುವಾಗ ಇನ್ನೊಂದು ಟೂಲ್ ಬೇಕಾಯಿತು, ಆ್ಯಂಗಲ್ ಗೇಜ್. ನನ್ನ ಎಂಜಿನ್ನಿನ ಹೆಡ್ ಬೋಲ್ಟಿಗೆ ಮೊದಲು ಇಂತಿಷ್ಟು ಟಾರ್ಕ್, ಆಮೇಲೆ 90 ಡಿಗ್ರಿ, ಮತ್ತೆ 90 ಡಿಗ್ರಿ. ಯಾಕಪ್ಪಾ ಈ ಡಿಗ್ರಿ ಲೆಕ್ಕ ಅಂದರೆ, ರೆಂಚಿಗೆ ಹಾಕುವ ಬಲದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಘರ್ಷಣೆಗೇ ಹೋಗುತ್ತದೆ. ಬೋಲ್ಟನ್ನು ಎಳೆದು ಹೆಡ್ ಒತ್ತಲು ಉಳಿಯುವುದು ಸುಮಾರು ಒಂದು ಪಾಲು. ಥ್ರೆಡ್‌ನಲ್ಲಿ ಎಣ್ಣೆ ಸ್ವಲ್ಪ ಹೆಚ್ಚು ಕಮ್ಮಿಯಾದರೂ ಆ ಒಂದು ಪಾಲು ಏರುಪೇರು. ಡಿಗ್ರಿಯಲ್ಲಿ ತಿರುಗಿಸಿದರೆ ಆ ತಾಪತ್ರಯ ಬಹಳ ಕಡಿಮೆ. ಕಣ್ಣಂದಾಜಿನಲ್ಲಿ ಕಾಲು ಸುತ್ತು ಅಂತ ತಿರುಗಿಸುವವರಿಗೆ ಕೈಮುಗಿದೆ. ನನ್ನ ಕೈಯಂದಾಜು ಎಷ್ಟಕ್ಕೆ ಬಂತು ಅಂತ ಮೇಲೆ ಹೇಳಿದ್ದೇನಲ್ಲ.

ಗೂಡಿನ ತಳ ಕೆರೆಯುವ ರೀಮರ್ ಕೂಡ ಬೇಕು. ಹಳೆ ತಾಮ್ರದ ವಾಷರ್ ಎಷ್ಟೋ ಸಲ ಕೆಳಗೇ ಅಂಟಿಕೊಂಡಿರುತ್ತದೆ. ಅದರ ಮೇಲೆ ಹೊಸದನ್ನು ಹಾಕಿದರೆ ನಾಝಲ್ ತುದಿ ಒಂದು ವಾಷರ್‌ನಷ್ಟು ಮೇಲೆ ನಿಂತು ಸ್ಪ್ರೇ ತಪ್ಪು ಜಾಗಕ್ಕೆ ಬೀಳುತ್ತದೆ. ಟಾರ್ಚ್ ಬಿಟ್ಟು ನೋಡಿ. ಹೆಡ್ ಎಂಜಿನ್ ಮೇಲೇ ಇದ್ದರೆ ಕೆರೆಯುವ ಮುಂಚೆ ತಳದ ತೂತಿಗೆ ಗ್ರೀಸ್ ಮೆತ್ತಿ. ಇಲ್ಲದಿದ್ದರೆ ಪುಡಿ ಸಿಲಿಂಡರ್ ಒಳಗೆ ಬೀಳುತ್ತದೆ.

ಬೇರೆ ಟೂಲ್‌ಗಳಲ್ಲೂ ಮೋಸ ಹೋಗಿದ್ದೇನೆ, ಬೇಗ ಹೇಳಿ ಮುಗಿಸುತ್ತೇನೆ. ಪೆಟ್ರೋಲ್ ಎಂಜಿನ್ನಿನ ಕಂಪ್ರೆಷನ್ ಗೇಜ್ ಡೀಸೆಲ್‌ಗೆ ಆಗುವುದಿಲ್ಲ. ಅದರ ಸ್ಕೇಲ್ ಸಾಮಾನ್ಯವಾಗಿ 300 ಪಿಎಸ್‌ಐಗೆ ಮುಗಿಯುತ್ತದೆ. ಡೀಸೆಲ್ 400 ದಾಟುವುದೂ ಉಂಟು. ನನ್ನ ಗೇಜಿನ ಮುಳ್ಳು ಗೂಟಕ್ಕೆ ಬಡಿದು ಬಾಗಿ ಅಲ್ಲೇ ನಿಂತಿತು. ಹೊಳೆಯುವ ಕ್ರೋಮ್ ಸಾಕೆಟ್ಟನ್ನು ಇಂಪ್ಯಾಕ್ಟ್ ಗನ್ನಿಗೆ ಹಾಕಬೇಡಿ. ಅದು ಸೀಳಿ ಚೂರು ಕಣ್ಣಿಗೆ ಹಾರುತ್ತದೆ. ಗನ್ನಿಗೆ ದಪ್ಪ ಗೋಡೆಯ ಕಪ್ಪು ಇಂಪ್ಯಾಕ್ಟ್ ಸಾಕೆಟ್ಟೇ ಬೇಕು. ಪಿಸ್ಟನ್ ರಿಂಗ್ ಒತ್ತಲು ಪಟ್ಟಿ ಸುತ್ತುವ ಕಂಪ್ರೆಸರ್‌ಗಿಂತ ನಿಮ್ಮ ಬೋರ್ ಅಳತೆಯ ಇಳಿಜಾರು ಸ್ಲೀವ್ ಎಷ್ಟೋ ಮೇಲು. ಕಾರಿನ ಸ್ಕ್ಯಾನರ್ ಬಹಳಷ್ಟು ಲಾರಿಗಳಿಗೆ ಬರುವುದಿಲ್ಲ, ಸಾಕೆಟ್ಟೂ ಬೇರೆ, ಭಾಷೆಯೂ ಬೇರೆ. ಹೊಸ ಇಂಜೆಕ್ಟರಿನ ಮೇಲಿರುವ ಕೋಡನ್ನು ಎಂಜಿನ್ನಿನ ಕಂಪ್ಯೂಟರಿಗೆ ಬರೆಯಲು ಸ್ಕ್ಯಾನರಿಗೆ ಆಗುತ್ತಾ ಅಂತ ಕೊಳ್ಳುವ ಮೊದಲೇ ಕೇಳಿ. ಓದುವುದಷ್ಟೇ ಬಂದರೆ ಈ ಕೆಲಸಕ್ಕೆ ಸಾಲದು.

ಈಗ ನಾನು ಟೂಲ್ ಕೊಳ್ಳುವ ರೀತಿ ಬೇರೆ. ಲಾರಿ ಮಾಡೆಲ್ ಹೆಸರು ಹೇಳುವುದೇ ಇಲ್ಲ. ಒಂದೇ ಮಾಡೆಲಿಗೆ ಎರಡು ಮೂರು ಥರದ ಎಂಜಿನ್ ಬಂದಿರಬಹುದು, ಅಲ್ವಾ? ಎಂಜಿನ್ ಮೇಲಿನ ಪ್ಲೇಟ್ ಒರೆಸಿ ಫೋಟೋ ತೆಗೆದುಕೊಳ್ಳುತ್ತೇನೆ. ಆ ಎಂಜಿನ್ನಿನ ಮ್ಯಾನುಯಲ್‌ನಲ್ಲಿ ಕೆಲಸಕ್ಕೆ ಬೇಕಾದ ವಿಶೇಷ ಟೂಲಿಗೆ ಒಂದು ನಂಬರ್ ಕೊಟ್ಟಿರುತ್ತಾರೆ. ಆ ನಂಬರ್ ಹಿಡಿದು ಹುಡುಕುತ್ತೇನೆ. ಕಂಪನಿಯದೇ ಆಗಬೇಕೆಂದಿಲ್ಲ. ಬೇರೆಯವರು ಮಾಡಿದ್ದರೂ ‘ಈ ನಂಬರಿನ ಬದಲಿಗೆ’ ಅಂತ ಸ್ಪಷ್ಟವಾಗಿ ಬರೆದಿದ್ದರೆ ಸಾಕು. ಎಷ್ಟೋ ವರ್ಷಕ್ಕೊಮ್ಮೆ ಬೇಕಾಗುವ ಲೈನರ್ ಪುಲ್ಲರ್‌ನಂಥದ್ದನ್ನು ಕೊಳ್ಳುವುದೇ ಇಲ್ಲ, ಬಾಡಿಗೆಗೋ ಎರವಲಿಗೋ ತರುತ್ತೇನೆ. ಉಳಿದ ದುಡ್ಡು ಸಣ್ಣ ಟಾರ್ಕ್ ರೆಂಚಿಗೆ ಹೋಯಿತು.

ಕೆಂಪು ಪೆಟ್ಟಿಗೆಯನ್ನು ಮಾರಿಬಿಡು ಅಂತ ಗೆಳೆಯರು ಹೇಳುತ್ತಾರೆ. ಯಾರಿಗೆ ಅಂತ ಮಾರಲಿ? ಹದಿಮೂರು ಅಡಾಪ್ಟರ್ ಹಾಗೇ ಹೊಳೆಯುತ್ತಾ ಕೂತಿವೆ. ಹದಿನಾಲ್ಕನೆಯದು ಗೋಡೆಯ ಮೊಳೆಗೆ ನೇತಾಡುತ್ತಿದೆ. ಅದರ ಥ್ರೆಡ್‌ನೊಳಗೆ ಇಂಜೆಕ್ಟರಿನ ಉಕ್ಕಿನ ಸುರುಳಿ ಇನ್ನೂ ಸಿಕ್ಕಿಕೊಂಡಿದೆ.